ಬ್ಯಾಸ್ಕೆಟ್‌ಬಾಲ್ ಆಡಿಕೊಂಡೇ ಬದುಕಬೇಕಾ? ಮೊದಲು ಸಂಬಳ ಯಾರು ಕೊಡ್ತಾರೆ ನೋಡಿ

ನಮ್ಮ ದೇಶದಲ್ಲಿ ಬ್ಯಾಸ್ಕೆಟ್‌ಬಾಲ್‌ನಿಂದ ತಿಂಗಳ ಸಂಬಳ ತಗೊಳ್ಳುವವರಲ್ಲಿ ಹೆಚ್ಚಿನವರು ಕ್ಲಬ್ಬುಗಳ ಆಟಗಾರರಲ್ಲ. ಅವರು ರೈಲ್ವೆಯಲ್ಲಿ ಕ್ಲರ್ಕು, ಸೇನೆಯಲ್ಲಿ ಹವಾಲ್ದಾರ್, ಆದಾಯ ತೆರಿಗೆ ಇಲಾಖೆಯಲ್ಲಿ ಸಹಾಯಕ, ಇಲ್ಲವೇ ಪೊಲೀಸು, ಬ್ಯಾಂಕು, ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ. ಬೆಳಗ್ಗೆ ಅಭ್ಯಾಸ, ಆಮೇಲೆ ಕಚೇರಿ, ಟೂರ್ನಿ ಬಂದರೆ ಕ್ಯಾಂಪು. 18 ವರ್ಷ ಭಾರತ ತಂಡದಲ್ಲಿ ಆಡಿ 2021ರಲ್ಲಿ ಪದ್ಮಶ್ರೀ ಪಡೆದ ಅನಿತಾ ಪೌಲ್‌ದುರೈ ದಕ್ಷಿಣ ರೈಲ್ವೆಯ ನೌಕರರು. ಆಸ್ಟ್ರೇಲಿಯಾದಲ್ಲಿ ಆಡಿ, 2011ರಲ್ಲಿ ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯ ತಂಡಗಳ ಟ್ರಯಲ್ಸ್‌ಗೂ ಹೋಗಿಬಂದ ಕೇರಳದ ಗೀತು ಅನ್ನಾ ಜೋಸ್ ಕೂಡ ಅದೇ ದಕ್ಷಿಣ ರೈಲ್ವೆಯವರು. ಭಾರತ ತಂಡದ ನಾಯಕನಾಗಿದ್ದ ವಿಶೇಷ್ ಭೃಗುವಂಶಿ ಒಎನ್‌ಜಿಸಿಯಲ್ಲಿ.

ಇದನ್ನು ಮೊದಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮಲ್ಲಿ ಮಕ್ಕಳು ಅಮೆರಿಕದ ದೊಡ್ಡ ಲೀಗ್ ಎನ್‌ಬಿಎ ನೋಡಿ ಆಟ ಶುರು ಮಾಡುತ್ತಾರೆ, ಅಪ್ಪ ಅಮ್ಮ ಅದನ್ನೇ ನೋಡಿ ಹೆದರುತ್ತಾರೆ, ಇಬ್ಬರಿಗೂ ಮಧ್ಯದ ದಾರಿ ಕಾಣುವುದಿಲ್ಲ. ಆ ದಾರಿ ಇದೆ. ಅದಕ್ಕೆ ಒಂದು ವಯಸ್ಸಿದೆ, ಕೆಲವು ಕಾಗದಪತ್ರ ಇವೆ, ಅವನ್ನು ಬಿಟ್ಟರೆ ಎಷ್ಟು ಚೆನ್ನಾಗಿ ಆಡಿದರೂ ಬಾಗಿಲು ತೆರೆಯುವುದಿಲ್ಲ. ಈ ಬರಹ ಮುಖ್ಯವಾಗಿ ಅದರ ಬಗ್ಗೆ.

ಎಲ್ಲಿಂದ ಶುರು

ಹತ್ತು ಹನ್ನೆರಡು ವರ್ಷಕ್ಕೆ ಶುರು ಮಾಡಿದರೆ ಒಳ್ಳೆಯದು. ತಡವಾದರೆ ಮುಗಿಯಿತು ಅಂತೇನಿಲ್ಲ. ಪಂಜಾಬಿನ ರೈತರ ಮನೆಯ ಅಮೃತ್‌ಪಾಲ್ ಸಿಂಗ್ ಹದಿಹರೆಯ ಮುಗಿಯುವ ಹೊತ್ತಿಗೆ ಚೆಂಡು ಹಿಡಿದವರು, 2017ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಕಿಂಗ್ಸ್ ತಂಡ ಸೇರಿದರು. ಆದರೆ ಅವರು ಏಳಡಿಯ ಹತ್ತಿರ ಇದ್ದಾರೆ, ಅದನ್ನೂ ನೆನಪಿಡಿ. ನಿಮ್ಮ ಮಗ ಐದು ಅಡಿ ಎಂಟಿಂಚು ಇದ್ದು ಹತ್ತೊಂಬತ್ತಕ್ಕೆ ಶುರು ಮಾಡುತ್ತೇನೆ ಅಂದರೆ ಆಟ ಆಡಲಿ, ಖುಷಿಯಾಗಿರಲಿ, ಅದನ್ನು ಕೆರಿಯರ್ ಅಂತ ಕರೆಯುವುದು ಬೇಡ.

ಬೆಂಗಳೂರಿನಲ್ಲಿ ಕ್ಲಬ್ ಸಂಸ್ಕೃತಿ ಹಳೆಯದು. ಬೀಗಲ್ಸ್, ಯಂಗ್ ಓರಿಯನ್ಸ್, ದೇವಾಂಗ ಯೂನಿಯನ್, ರಾಜಮಹಲ್, ಹೀಗೆ ಬಡಾವಣೆಗೊಂದು ಕ್ಲಬ್ಬು, ಸಂಜೆ ಲೈಟು ಹಾಕಿಕೊಂಡು ಆಡುವ ಕೋರ್ಟು. ಕಂಠೀರವ ಕ್ರೀಡಾಂಗಣದ ಕೋರ್ಟಿನಲ್ಲಿ ರಾಜ್ಯ ಲೀಗ್ ಪಂದ್ಯಗಳು ನಡೆದರೆ ಹೋಗಿ ನೋಡಿ, ಟಿವಿಯಲ್ಲಿ ಎನ್‌ಬಿಎ ನೋಡುವುದಕ್ಕಿಂತ ಅದು ಜಾಸ್ತಿ ಉಪಯೋಗ. ನೀವು ಮೀರಿಸಬೇಕಾದವರು ಯಾರು ಅನ್ನೋದು ಅಲ್ಲಿ ಕಣ್ಣೆದುರೇ ಗೊತ್ತಾಗುತ್ತದೆ. ಊರಿನಲ್ಲಿ ಕ್ಲಬ್ ಇಲ್ಲದವರಿಗೆ ಯುವಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿನಿಲಯಗಳಿವೆ, ಬೆಂಗಳೂರಿನ ವಿದ್ಯಾನಗರದ್ದು ಹೆಚ್ಚು ಹೆಸರಾದದ್ದು. ಜಿಲ್ಲಾ ಮಟ್ಟದಲ್ಲಿ ಆಯ್ಕೆ ನಡೆಸಿ ಮಕ್ಕಳನ್ನು ತಗೊಳ್ಳುತ್ತಾರೆ. ಊಟ, ವಸತಿ, ಶಾಲೆ, ತರಬೇತಿ ಎಲ್ಲ ಅಲ್ಲೇ. ನಿಮ್ಮ ಜಿಲ್ಲೆಯ ಕ್ರೀಡಾಂಗಣದಲ್ಲಿರುವ ಇಲಾಖೆ ಕಚೇರಿಗೆ ಖುದ್ದಾಗಿ ಹೋಗಿ ಆಯ್ಕೆ ಯಾವಾಗ ಅಂತ ಕೇಳಿ. ಫೋನಿನಲ್ಲಿ ಕೇಳಿದರೆ ಎಷ್ಟೋ ಸಲ ಸರಿಯಾದ ಉತ್ತರ ಸಿಗುವುದಿಲ್ಲ.

ಪಂದ್ಯಗಳಿಗೆ ಎರಡು ಸಾಲು ಇವೆ. ಒಂದು ಶಾಲೆಯದು: ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಅಲ್ಲಿಂದ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ಇನ್ನೊಂದು ದೇಶದ ಬ್ಯಾಸ್ಕೆಟ್‌ಬಾಲ್ ಫೆಡರೇಶನ್ನಿನದು: ರಾಜ್ಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ತಂಡ ಆರಿಸಿ ಸಬ್ ಜೂನಿಯರ್, ಯೂತ್, ಜೂನಿಯರ್, ಸೀನಿಯರ್ ರಾಷ್ಟ್ರೀಯ ಪಂದ್ಯಾವಳಿಗಳಿಗೆ ಕಳಿಸುತ್ತದೆ. ಯೂತ್ ಅಂದರೆ 16ರೊಳಗೆ, ಜೂನಿಯರ್ ಅಂದರೆ 18ರೊಳಗೆ. ಎರಡರಲ್ಲೂ ಆಡಿ. ಆದರೆ ಒಂದನ್ನೇ ಆರಿಸಬೇಕಾಗಿ ಬಂದರೆ ಫೆಡರೇಶನ್ನಿನ ರಾಷ್ಟ್ರೀಯ ಪಂದ್ಯಾವಳಿಯನ್ನೇ ಆರಿಸಿ, ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಅದರ ತೂಕ ಬೇರೆ. ಊರೂರಲ್ಲಿ ನಡೆಯುವ ಆಹ್ವಾನಿತ ಟೂರ್ನಿ, ಕಪ್ಪು, ನಗದು ಬಹುಮಾನ, ಇದೆಲ್ಲ ಆಟಕ್ಕೆ ಒಳ್ಳೆಯದೇ, ಆದರೆ ಆ ಕಪ್ಪುಗಳಿಂದ ಕೆಲಸ ಸಿಗಲ್ಲ.

ಹಾಗೇ ವಯಸ್ಸು. ಜನನ ಪ್ರಮಾಣಪತ್ರದಲ್ಲಿ ಒಂದು ವರ್ಷ ಇಳಿಸಿದರೆ ಇನ್ನೊಂದು ಸಲ ಯೂತ್ ಆಡಬಹುದು ಅಂತ ಐಡಿಯಾ ಕೊಡುವವರು ಪ್ರತಿ ಮೈದಾನದಲ್ಲೂ ಇದ್ದಾರೆ. ಕೇಳಲೇಬೇಡಿ. ಮೂಳೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ನಿಷೇಧ ಬೀಳುತ್ತದೆ, ಸಿಕ್ಕಿಬೀಳದಿದ್ದರೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಪಾಸ್‌ಪೋರ್ಟಿಗೂ ತಾಳೆಯಾಗದ ದಿನಾಂಕ ಜೀವನಪೂರ್ತಿ ಕಾಡುತ್ತದೆ.

ಏನು ಕಲಿಯಬೇಕು

ಹದಿಮೂರಕ್ಕೆ ಎಲ್ಲರಿಗಿಂತ ಎತ್ತರ ಇರುವ ಹುಡುಗನನ್ನು ಕೋಚ್‌ಗಳು ಸೀದಾ ರಿಂಗ್ ಕೆಳಗೆ ನಿಲ್ಲಿಸುತ್ತಾರೆ. ಪಂದ್ಯ ಗೆಲ್ಲೋಕೆ ಅದು ಸುಲಭದ ದಾರಿ. ಆ ಹುಡುಗ ಹದಿನೈದಕ್ಕೆ ಆರಡಿಯಲ್ಲಿ ನಿಂತುಬಿಟ್ಟರೆ? ಡ್ರಿಬ್ಲಿಂಗ್ (ಚೆಂಡು ಪುಟಿಸುತ್ತಾ ಓಡೋದು) ಬರಲ್ಲ, ಹೊರಗಿನಿಂದ ಶೂಟಿಂಗ್ ಬರಲ್ಲ, ರಿಂಗ್ ಹತ್ತಿರದ ಸೆಂಟರ್ ಜಾಗದಲ್ಲಿ ಆಡೋಕೆ ಎತ್ತರ ಸಾಲಲ್ಲ. ಇಂಥ ಹುಡುಗರು ನಮ್ಮ ಎಲ್ಲ ಜಿಲ್ಲೆಗಳಲ್ಲೂ ಸಿಗುತ್ತಾರೆ. ಆದ್ದರಿಂದ ನಿಮ್ಮ ಮಗು ಎಷ್ಟೇ ಎತ್ತರ ಇರಲಿ, ಹದಿನಾರರವರೆಗೆ ಗಾರ್ಡ್ (ಚೆಂಡು ಮುನ್ನಡೆಸುವ ಆಟಗಾರ) ಕಲಿಯುವುದನ್ನೆಲ್ಲ ಕಲಿಯಲಿ. ಎಡಗೈ ಡ್ರಿಬ್ಲಿಂಗ್, ಎಡಗೈ ಲೇ-ಅಪ್ (ರಿಂಗ್ ಹತ್ತಿರ ಓಡಿಬಂದು ಹಾಕುವ ಶಾಟ್), ಒತ್ತಡದಲ್ಲಿ ಪಾಸ್. ಆಮೇಲೆ ಎತ್ತರ ಬಂದರೆ ಅದು ಲಾಭ, ಬರದಿದ್ದರೆ ನಷ್ಟ ಇಲ್ಲ.

ಶೂಟಿಂಗ್ ವಿಷಯದಲ್ಲಿ ಅಂತರರಾಷ್ಟ್ರೀಯ ಕೋರ್ಟಿನ ಮೂರು ಪಾಯಿಂಟ್ ಗೆರೆ 6.75 ಮೀಟರ್. ನಮ್ಮ ಎಷ್ಟೋ ಶಾಲೆಯ ಕೋರ್ಟುಗಳಲ್ಲಿ ಇನ್ನೂ ಹಳೆಯ 6.25ರ ಗೆರೆಯೇ ಇದೆ ಅಥವಾ ಗೆರೆಯೇ ಅಳಿಸಿಹೋಗಿದೆ. ಟೇಪು ಹಿಡಿದು ಅಳೆದು ಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. ರಿಂಗ್ 3.05 ಮೀಟರ್ ಎತ್ತರದಲ್ಲಿ ಇದೆಯಾ ಅದನ್ನೂ ನೋಡಿ. ತಪ್ಪು ಅಳತೆಯಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿ ಕಂಠೀರವದಲ್ಲಿ ಚೆಂಡು ರಿಂಗಿಗೂ ತಾಗದೆ ಬಿದ್ದರೆ ಯಾರನ್ನು ಬೈಯೋದು? ಹುಡುಗಿಯರು 6ನೇ ಸೈಜಿನ ಚೆಂಡಿನಲ್ಲೇ ಅಭ್ಯಾಸ ಮಾಡಬೇಕು, ಹುಡುಗರು 7. ಅಣ್ಣನ ಚೆಂಡಲ್ಲೇ ಆಡ್ಕೊಳ್ಳಮ್ಮ ಅನ್ನಬೇಡಿ. ಫೌಲ್ ಆದಾಗ ಸಿಗುವ ಫ್ರೀ ಥ್ರೋಗಳನ್ನು ಅಭ್ಯಾಸದ ಕೊನೆಯಲ್ಲಿ, ಏದುಸಿರು ಬಿಡುವಾಗ ಹಾಕಿ, ಪಂದ್ಯದಲ್ಲಿ ಅವು ಬರುವುದೂ ಹಾಗೆಯೇ. 2017ರ ಜುಲೈನಲ್ಲಿ ಬೆಂಗಳೂರಿನಲ್ಲೇ ನಡೆದ ಮಹಿಳಾ ಏಷ್ಯಾ ಕಪ್ ಬಿ ಡಿವಿಷನ್ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಎ ಡಿವಿಷನ್‌ಗೆ ಏರಿತು. ವ್ಯತ್ಯಾಸ ಎರಡೇ ಪಾಯಿಂಟು, ಅಂದರೆ ಎರಡು ಫ್ರೀ ಥ್ರೋ.

ಆಯ್ಕೆ ಟ್ರಯಲ್ಸ್‌ನಲ್ಲಿ ಒಂದು ತಮಾಷೆ ಯಾವಾಗಲೂ ನಡೆಯುತ್ತದೆ. ಪರಿಚಯ ಇಲ್ಲದ ಹತ್ತು ಜನರನ್ನು ಸೇರಿಸಿ ಆಡಿಸುತ್ತಾರೆ, ಹತ್ತೂ ಜನ ತಾನೇ ಪಾಯಿಂಟ್ ಹೊಡೆಯಬೇಕು ಅಂತ ಓಡುತ್ತಾರೆ, ಯಾರೂ ಪಾಸ್ ಕೊಡಲ್ಲ. ಅಲ್ಲಿ ಬೇರೆ ಥರ ಕಾಣಿಸಿಕೊಳ್ಳುವುದು ಬಹಳ ಸುಲಭ. ಡಿಫೆನ್ಸ್‌ನಲ್ಲಿ ಬಾಯಿಬಿಟ್ಟು ಮಾತಾಡಿ, ಸ್ಕ್ರೀನ್ (ಎದುರಾಳಿ ದಾರಿಗೆ ಅಡ್ಡ ನಿಲ್ಲೋದು) ಬರ್ತಿದೆ, ಎಡಕ್ಕೆ ನೋಡು ಅಂತ ಕೂಗಿ. ಪ್ರತಿ ಶಾಟ್ ಮೇಲೆದ್ದಾಗಲೂ ಎದುರಾಳಿಯನ್ನು ಬೆನ್ನಿಗೆ ಹಾಕಿಕೊಂಡು ರಿಬೌಂಡಿಗೆ, ಅಂದರೆ ಪುಟಿದು ಬರುವ ಚೆಂಡಿಗೆ, ನಿಲ್ಲಿ. ಚೆಂಡು ಕಳೆದುಕೊಂಡರೆ ತಲೆ ಮೇಲೆ ಕೈ ಇಟ್ಟುಕೊಂಡು ನಿಲ್ಲದೆ ಮೊದಲು ವಾಪಸ್ ಓಡಿ. ಆಯ್ಕೆಗಾರರು ಪಕ್ಕದಲ್ಲಿ ಕೂತು ಬರೆದುಕೊಳ್ಳುವುದು ಇದನ್ನೇ, ಯಾಕೆಂದರೆ ಪಾಯಿಂಟ್ ಹೊಡೆಯುವವರು ಅವರ ಬಳಿ ಆಗಲೇ ಇರುತ್ತಾರೆ.

ಕೆಲಸದ ಕಿಟಕಿ

ಈಗ ಮುಖ್ಯ ವಿಷಯ. ರೈಲ್ವೆಯ ಕ್ರೀಡಾ ಕೋಟಾಗೆ ವಯಸ್ಸು 18ರಿಂದ 25. ಬೇರೆ ನೇಮಕಾತಿಗಳಲ್ಲಿ ಇರುವ ಹಾಗೆ ಇದರಲ್ಲಿ ವಯಸ್ಸಿನ ಸಡಿಲಿಕೆ ಇಲ್ಲ, ಯಾರಿಗೂ ಇಲ್ಲ. ನೂರು ಅಂಕಗಳನ್ನು ಹೀಗೆ ಹಂಚುತ್ತಾರೆ: ಟ್ರಯಲ್ಸ್‌ಗೆ 40, ಕ್ರೀಡಾ ಸಾಧನೆಗೆ 50, ಓದಿಗೆ 10. ಟ್ರಯಲ್ಸ್‌ನಲ್ಲಿ 40ಕ್ಕೆ 25 ಬರದಿದ್ದರೆ ಅಲ್ಲಿಗೇ ಮುಗಿಯಿತು. ಅರ್ಧದಷ್ಟು ಅಂಕ ಇರುವುದು ಆಡಿದ ದಾಖಲೆಗೆ ಅನ್ನೋದನ್ನು ಗಮನಿಸಿ. ಆ ದಾಖಲೆಯೂ ಹಳೆಯದಾದರೆ ಲೆಕ್ಕಕ್ಕಿಲ್ಲ. ಈಗಿನ ಹಣಕಾಸು ವರ್ಷ ಮತ್ತು ಅದರ ಹಿಂದಿನ ಎರಡು ವರ್ಷದ ಸಾಧನೆಯನ್ನೇ ನೋಡುತ್ತಾರೆ. ಅಂದರೆ ಹದಿನೇಳಕ್ಕೆ ಜೂನಿಯರ್ ನ್ಯಾಷನಲ್ಸ್‌ನಲ್ಲಿ ಪದಕ ಗೆದ್ದು, ಡಿಗ್ರಿ ಮುಗಿಸಿ ಆರಾಮಾಗಿ ಇಪ್ಪತ್ಮೂರಕ್ಕೆ ಅರ್ಜಿ ಹಾಕಿದರೆ ಆ ಪದಕ ಗೋಡೆ ಮೇಲೆ ಚೆಂದ, ಅರ್ಜಿಯಲ್ಲಿ ಸೊನ್ನೆ. ಇದು ಗೊತ್ತಿಲ್ಲದೆ ಎಷ್ಟು ಒಳ್ಳೆಯ ಆಟಗಾರರು ಅವಕಾಶ ಕಳಕೊಂಡಿದ್ದಾರೋ.

ಹಾಗಾಗಿ 18 ತುಂಬಿದ ಮೇಲೆ ಪ್ರತಿ ವರ್ಷ ಅಧಿಸೂಚನೆ ನೋಡುತ್ತಲೇ ಇರಬೇಕು. ನಮ್ಮ ನೈರುತ್ಯ ರೈಲ್ವೆಯ ನೇಮಕಾತಿ ಹುಬ್ಬಳ್ಳಿಯಿಂದ ನಡೆಯುತ್ತದೆ, ಆದರೆ ಅದೊಂದನ್ನೇ ಕಾಯಬೇಡಿ. ಪ್ರತಿ ವರ್ಷವೂ ಪ್ರತಿ ವಲಯಕ್ಕೂ ಬ್ಯಾಸ್ಕೆಟ್‌ಬಾಲ್ ಆಟಗಾರರು ಬೇಕು ಅಂತಿಲ್ಲ, ಕೆಲವು ಸಲ ಯಾವ ಪೊಸಿಷನ್ ಬೇಕು ಅಂತಲೂ ಬರೆದಿರುತ್ತಾರೆ. ಚೆನ್ನೈ, ಸಿಕಂದರಾಬಾದ್, ಮುಂಬೈ, ಎಲ್ಲ ವಲಯಗಳದ್ದೂ ನೋಡಿ. ಹುಡುಗಿಯರಿಗಂತೂ ರೈಲ್ವೆಯೇ ದೊಡ್ಡ ಮನೆ, ಸೀನಿಯರ್ ನ್ಯಾಷನಲ್ಸ್‌ನಲ್ಲಿ ವರ್ಷ ವರ್ಷ ಮೇಲುಗೈ ಅವರದ್ದೇ.

ಸಂಬಳ ಎಷ್ಟು? ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಲೆವೆಲ್ 1ರ ಮೂಲ ವೇತನ 18,000 ರೂಪಾಯಿಯಿಂದ ಶುರು, ಲೆವೆಲ್ 2 ಅಂದರೆ 19,900, ಲೆವೆಲ್ 3 ಅಂದರೆ 21,700, ಲೆವೆಲ್ 4 ಅಂದರೆ 25,500, ಲೆವೆಲ್ 5 ಅಂದರೆ 29,200. ಇದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ಯಾವ ಲೆವೆಲ್ ಸಿಗುತ್ತೆ ಅನ್ನೋದು ನೀವು ಯಾವ ಮಟ್ಟದಲ್ಲಿ ಆಡಿದ್ದೀರಿ ಅನ್ನೋದರ ಮೇಲೆ. ದೊಡ್ಡ ದುಡ್ಡಲ್ಲ, ನಿಜ. ಆದರೆ ಮಂಡಿ ಹೋದ ಮೇಲೂ ತಿಂಗಳ ಒಂದನೇ ತಾರೀಕು ಬರುವ ದುಡ್ಡು.

ಇನ್ನು ಕಾಗದಪತ್ರ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾಗೆ ನಮೂನೆಗಳಿವೆ. ದೇಶಕ್ಕೆ ಆಡಿದ್ದರೆ ಫಾರ್ಮ್-1, ರಾಜ್ಯದ ಪರವಾಗಿ ರಾಷ್ಟ್ರೀಯ ಪಂದ್ಯಾವಳಿ ಆಡಿದ್ದರೆ ಫಾರ್ಮ್-2, ಅಂತರ ವಿಶ್ವವಿದ್ಯಾಲಯಕ್ಕೆ ಫಾರ್ಮ್-3, ರಾಷ್ಟ್ರೀಯ ಶಾಲಾ ಕ್ರೀಡೆಗೆ ಫಾರ್ಮ್-4. ಟೂರ್ನಿಯಲ್ಲಿ ಕೊಡುವ ಬಣ್ಣದ ಸರ್ಟಿಫಿಕೇಟು ಇದ್ದರೆ ಸಾಕು ಅಂದುಕೊಳ್ಳುತ್ತಾರೆ, ಸಾಲದು. ಆಯಾ ಫಾರ್ಮಿಗೆ ಆಯಾ ಅಧಿಕಾರಿಯ ಸಹಿ ಬೇಕು. ಪಂದ್ಯಾವಳಿ ಮುಗಿದ ತಿಂಗಳೊಳಗೇ ಸಹಿ ಹಾಕಿಸಿಕೊಂಡು, ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಪದಾಧಿಕಾರಿಗಳು ಬದಲಾಗುತ್ತಾರೆ, ಸಂಸ್ಥೆಗಳಲ್ಲಿ ಜಗಳ ಆಗುತ್ತದೆ, ಮೂರು ವರ್ಷ ಬಿಟ್ಟು ಹೋದರೆ ಸಹಿ ಹಾಕುವವರೇ ಸಿಗುವುದಿಲ್ಲ. ಹೆಸರಿನ ಸ್ಪೆಲಿಂಗ್ ಎಲ್ಲ ಕಡೆ ಒಂದೇ ಇರಲಿ. ಇನಿಶಿಯಲ್ ಮುಂದೆ ಒಂದು ಕಡೆ, ಹಿಂದೆ ಒಂದು ಕಡೆ, ನಮ್ಮವರ ಹಳೇ ಕಥೆ.

ಪಿಯುಸಿ ಆದ ಮೇಲೆ ಕಾಲೇಜು ಆರಿಸುವಾಗ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಗೆಲ್ಲುವ ತಂಡ ಎಲ್ಲಿದೆ ನೋಡಿ. ಬೆಂಗಳೂರಿನ ಜೈನ್, ಕ್ರೈಸ್ಟ್, ಚೆನ್ನೈ ಕಡೆ ಎಸ್‌ಆರ್‌ಎಂ, ಇಂಥ ಕಡೆ ಆಟಗಾರರಿಗೆ ಶುಲ್ಕ ರಿಯಾಯಿತಿ ಬಗ್ಗೆ ಕೇಳಬಹುದು. ಬಾಯಿ ಮಾತಿಗೆ ಒಪ್ಪಬೇಡಿ, ರಿಯಾಯಿತಿ ಎಷ್ಟು ವರ್ಷಕ್ಕೆ, ಗಾಯ ಆದರೆ ಮುಂದುವರಿಯುತ್ತದಾ, ಬರೆದು ಕೊಡಿ ಅನ್ನಿ. ಇಂಜಿನಿಯರಿಂಗ್‌ಗೆ ಹೋಗುವವರಿಗೆ ಸಿಇಟಿಯಲ್ಲೂ ಕ್ರೀಡಾ ಕೋಟಾ ಸೀಟುಗಳಿವೆ.

ವಿದೇಶದ ಆಸೆ

ಎನ್‌ಬಿಎಯಲ್ಲಿ 30 ತಂಡ. ಒಂದು ತಂಡಕ್ಕೆ 15 ಮಾಮೂಲಿ ಆಟಗಾರರು, 3 ಟೂ-ವೇ ಒಪ್ಪಂದದವರು (ಎನ್‌ಬಿಎಗೂ ಅದರ ಕೆಳಗಿನ ಲೀಗಿಗೂ ಆಡುವವರು). ಎಲ್ಲ ಸೇರಿ ಜಗತ್ತಿಗೆ 540 ಸೀಟು. ಇದನ್ನು ಆಸೆ ಮುರಿಯೋಕೆ ಹೇಳುತ್ತಿಲ್ಲ, ಲೆಕ್ಕ ಗೊತ್ತಿರಲಿ ಅಂತ.

ಸತ್ನಾಮ್ ಸಿಂಗ್ ಕಥೆ ಪೂರ್ತಿ ತಿಳಿದುಕೊಳ್ಳಿ, ಎಲ್ಲರೂ ಅರ್ಧವೇ ಹೇಳುತ್ತಾರೆ. ಪಂಜಾಬಿನ ಬಲ್ಲೋ ಕೇ ಎಂಬ ಹಳ್ಳಿ, ಏಳು ಅಡಿ ಎರಡಿಂಚು, ಲುಧಿಯಾನ ಅಕಾಡೆಮಿ, 2010ರಲ್ಲಿ ಫ್ಲಾರಿಡಾದ ಐಎಂಜಿ ಅಕಾಡೆಮಿ. 2015ರ ಡ್ರಾಫ್ಟ್‌ನಲ್ಲಿ (ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಪ್ರಕ್ರಿಯೆ) ಡಲ್ಲಾಸ್ ಮ್ಯಾವರಿಕ್ಸ್ ತಂಡ 52ನೆಯವನಾಗಿ ಆರಿಸಿತು, ಭಾರತದಲ್ಲಿ ಹುಟ್ಟಿದವರಲ್ಲಿ ಮೊದಲಿಗ. ಇಲ್ಲಿಗೆ ಎಲ್ಲರೂ ಕಥೆ ನಿಲ್ಲಿಸುತ್ತಾರೆ. ಆಮೇಲೆ ಏನಾಯಿತು? ಎನ್‌ಬಿಎಯಲ್ಲಿ ಒಂದು ಪಂದ್ಯವೂ ಆಡಲಿಲ್ಲ. ಎರಡು ಸೀಸನ್ ಎನ್‌ಬಿಎ ಕೆಳಗಿನ ಡೆವಲಪ್‌ಮೆಂಟ್ ಲೀಗಿನ ಟೆಕ್ಸಸ್ ಲೆಜೆಂಡ್ಸ್‌ನಲ್ಲಿ ಸ್ವಲ್ಪ ಸ್ವಲ್ಪ ನಿಮಿಷ ಆಡಿದರು. ಭಾರತಕ್ಕೆ ಬಂದರು, ಕೆನಡಾದ ಲೀಗಿಗೆ ಹೋದರು. 2019ರ ನವೆಂಬರ್‌ನಲ್ಲಿ ನಮ್ಮ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾ ನಡೆಸಿದ ಪರೀಕ್ಷೆಯಲ್ಲಿ ಹೈಜನಮೈನ್ ಅನ್ನೋ ನಿಷೇಧಿತ ವಸ್ತು ಸಿಕ್ಕಿ ಎರಡು ವರ್ಷ ನಿಷೇಧ. ಆಮೇಲೆ ಅಮೆರಿಕದಲ್ಲಿ ವೃತ್ತಿಪರ ಕುಸ್ತಿಗೆ ಇಳಿದರು.

ಇದರಲ್ಲಿ ಮುಖ್ಯವಾದ ತಿರುವು ನನ್ನ ಪ್ರಕಾರ ಡ್ರಾಫ್ಟ್ ಅಲ್ಲ, ಅದಕ್ಕೂ ಮುಂಚಿನದು. ಅಮೆರಿಕದ ಕಾಲೇಜು ತಂಡಕ್ಕೆ ಬೇಕಾದ ಓದಿನ ಅರ್ಹತೆ ಅವರಿಗೆ ಸಿಗಲಿಲ್ಲ. ಹಳ್ಳಿಯಿಂದ ಹೋದ ಹುಡುಗ, ಇಂಗ್ಲಿಷ್ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ನಾಲ್ಕು ವರ್ಷ ಪಂದ್ಯ ಆಡಿ ಬೆಳೆಯಬೇಕಾದ ವಯಸ್ಸಿನಲ್ಲಿ ಸೀದಾ ದೊಡ್ಡವರ ಲೀಗಿನ ಬೆಂಚಿನಲ್ಲಿ ಕೂರಬೇಕಾಯಿತು.

ಬೆಂಗಳೂರಿನ ಸಂಜನಾ ರಮೇಶ್ ಇನ್ನೊಂದು ದಾರಿ ಹಿಡಿದರು. ಓದೂ ಆಟವೂ ಜೊತೆಗಿಟ್ಟುಕೊಂಡು ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಸ್ಕಾಲರ್‌ಶಿಪ್ ಮೇಲೆ ಹೋದರು, ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಮೊದಲ ಡಿವಿಷನ್ ತಂಡ ಅದು. ಇದೇ ದಾರಿ ಬೇಕು ಅನ್ನುವವರು 9ನೇ ತರಗತಿಯಿಂದಲೇ ಎಚ್ಚರ ಇರಬೇಕು, ಯಾಕೆಂದರೆ ಎನ್‌ಸಿಎಎ ನೋಡುವುದು 9ರಿಂದ 12ರವರೆಗಿನ 16 ಮುಖ್ಯ ವಿಷಯಗಳ ಅಂಕ. ನಮ್ಮಲ್ಲಿ 9ನೇ ಕ್ಲಾಸು ಯಾರಿಗೂ ಲೆಕ್ಕಕ್ಕಿಲ್ಲ, ಅಲ್ವಾ? ಅಲ್ಲಿ ಇದೆ. ಎನ್‌ಸಿಎಎ ಅರ್ಹತಾ ಕೇಂದ್ರದಲ್ಲಿ ನೋಂದಣಿ ಮಾಡಿಸಬೇಕು. ಸಂಬಳ ಕೊಡುವ ಲೀಗಿನಲ್ಲಿ ಸಹಿ ಹಾಕುವ ಮುಂಚೆ ಅದರಿಂದ ಕಾಲೇಜಿನ ಅರ್ಹತೆಗೆ ತೊಂದರೆ ಆಗುತ್ತದಾ ಅಂತ ವಿಚಾರಿಸಿ. ಪೂರ್ತಿ ಪಂದ್ಯಗಳ ವಿಡಿಯೋ ಇಟ್ಟುಕೊಳ್ಳಿ. ಹಾಡು ಹಾಕಿ ಕತ್ತರಿಸಿದ ಎರಡು ನಿಮಿಷದ ರೀಲ್ ನೋಡಿ ಯಾವ ಕೋಚೂ ಸ್ಕಾಲರ್‌ಶಿಪ್ ಕೊಡಲ್ಲ. ಮೂರನೇ ಡಿವಿಷನ್ ಕಾಲೇಜುಗಳಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ, ಕೊಡಿಸ್ತೀನಿ ಅಂತ ಏಜೆಂಟ್ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಏಜೆಂಟರ ಬಗ್ಗೆ ಇನ್ನೊಂದು ಮಾತು. ಅಂತರರಾಷ್ಟ್ರೀಯ ಒಕ್ಕೂಟ ಫೀಬಾ ಏಜೆಂಟರಿಗೆ ಲೈಸೆನ್ಸ್ ಕೊಡುತ್ತದೆ, ಪಟ್ಟಿ ಅದರ ವೆಬ್‌ಸೈಟಿನಲ್ಲೇ ಇದೆ. ಮುಂಗಡ ದುಡ್ಡು ಕೇಳುವವನು ಏಜೆಂಟೇ ಅಲ್ಲ, ಏಜೆಂಟನ ಪಾಲು ಆಟಗಾರನಿಗೆ ಒಪ್ಪಂದ ಆದ ಮೇಲೆ. ಬೇರೆ ದೇಶದ ಕ್ಲಬ್ಬಿಗೆ ಹೋಗಬೇಕಾದರೆ ನಮ್ಮ ಫೆಡರೇಶನ್ನಿನಿಂದ ಕ್ಲಿಯರೆನ್ಸ್ ಪತ್ರ ಬೇಕು, ಸರ್ಕಾರಿ ನೌಕರಿ ಇದ್ದರೆ ಇಲಾಖೆಯ ಅನುಮತಿಯೂ ಬೇಕು.

ನಮ್ಮ ಲೀಗುಗಳು

ಯುಬಿಎ ಅಂತ ಒಂದು ಲೀಗ್ 2015ರಲ್ಲಿ ಶುರುವಾಯಿತು, ಬೆಂಗಳೂರು ಬೀಸ್ಟ್ ತಂಡ ಇತ್ತು, 2017ರ ನಂತರ ನಿಂತುಹೋಯಿತು. ಆಮೇಲೆ ಐಎನ್‌ಬಿಎಲ್ ಲೀಗ್ ಬಂತು, ಅದರಲ್ಲಿ ಬೆಂಗಳೂರು ಕಿಂಗ್ಸ್ ತಂಡ ಬಂತು. ಇಂಥ ಲೀಗ್ ಬಂದರೆ ಖಂಡಿತ ಆಡಿ, ದೊಡ್ಡ ಆಟಗಾರರ ಜೊತೆ ನಿಲ್ಲೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಅದನ್ನು ನಂಬಿ ಕೆಲಸ ಬಿಡಬೇಡಿ, ಡಿಗ್ರಿ ಬಿಡಬೇಡಿ. ಒಪ್ಪಂದದಲ್ಲಿ ಮೂರು ಸಾಲು ಹುಡುಕಿ: ದುಡ್ಡು ಯಾವ ದಿನ ಬರುತ್ತದೆ, ಗಾಯ ಆದರೆ ಆಪರೇಷನ್ ಖರ್ಚು ಯಾರದು, ಲೀಗ್ ಮಧ್ಯದಲ್ಲಿ ನಿಂತರೆ ಏನು. ಈ ಮೂರು ಇಲ್ಲದಿದ್ದರೆ ಸೇರಿಸಿ ಅನ್ನಿ.

3x3, ಅಂದರೆ ಮೂರು ಮೂರು ಜನ ಆಡುವ ಆಟವನ್ನು ನಮ್ಮವರು ಸುಮ್ನೆ ಟೈಂಪಾಸ್ ಅಂದುಕೊಂಡಿದ್ದಾರೆ. ಅದು ಟೋಕಿಯೊದಿಂದ ಒಲಿಂಪಿಕ್ಸ್‌ನಲ್ಲಿದೆ. ಅರ್ಧ ಕೋರ್ಟು, 10 ನಿಮಿಷ, ಅದರೊಳಗೆ 21 ಪಾಯಿಂಟ್ ಮುಟ್ಟಿದರೆ ಅಲ್ಲಿಗೇ ಗೆಲುವು, 12 ಸೆಕೆಂಡಿಗೊಂದು ಶಾಟ್. ಒಬ್ಬ ಬದಲಿ ಸೇರಿ ನಾಲ್ಕೇ ಜನ ಸಾಕು. ಫೀಬಾ 3x3 ಪುಟದಲ್ಲಿ ಯಾರು ಬೇಕಾದರೂ ಹೆಸರು ನೋಂದಾಯಿಸಿ ಮಾನ್ಯತೆ ಇರುವ ಟೂರ್ನಿ ಆಡಿ ತಮ್ಮದೇ ರ‍್ಯಾಂಕಿಂಗ್ ಪಾಯಿಂಟ್ ಗಳಿಸಬಹುದು. ಹನ್ನೆರಡು ಜನರ ರಾಜ್ಯ ತಂಡದಲ್ಲಿ ಜಾಗ ಸಿಗದ, ಆರಡಿ ಎರಡಿಂಚಿನ, ಗಟ್ಟಿ ಮೈಯ, ಶೂಟಿಂಗ್ ಇರುವ ಆಟಗಾರನಿಗೆ ಇದು ಒಳ್ಳೆ ದಾರಿ.

ಮೈ

ನಮ್ಮ ಕೋರ್ಟುಗಳು ಹೆಚ್ಚಿನವು ಸಿಮೆಂಟಿನವು. ಮಂಡಿ, ಪಾದದ ಕೀಲು ಹಾಳಾಗೋದು ಅಲ್ಲಿಯೇ. ಜಿಗಿಯುವ ಅಭ್ಯಾಸವನ್ನು ದಿನಾ ಮಾಡಬೇಡಿ, ಮಣ್ಣಿನ ನೆಲವೋ ಹುಲ್ಲೋ ಸಿಕ್ಕರೆ ಅಲ್ಲಿ ಮಾಡಿ. ಶೂ ತಳ ಸವೆದರೆ ಇನ್ನೊಂದು ಸೀಸನ್ ತಳ್ಳೋಣ ಅನ್ನಬೇಡಿ. ಹುಡುಗಿಯರಲ್ಲಿ ಮಂಡಿಯೊಳಗಿನ ಎಸಿಎಲ್ ಅನ್ನೋ ಅಸ್ಥಿರಜ್ಜು ಹರಿಯುವುದು ಹುಡುಗರಿಗಿಂತ ಜಾಸ್ತಿ. ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ಬಾಗದಂತೆ ಇಳಿಯುವುದನ್ನು ಹನ್ನೆರಡು ಹದಿಮೂರಕ್ಕೇ ಕಲಿಸಬೇಕು. ಹರಿದು ಆಪರೇಷನ್ ಆದರೆ ಕಡಿಮೆ ಅಂದರೂ ಒಂಬತ್ತು ತಿಂಗಳು ಹೊರಗೆ. ಆರನೇ ತಿಂಗಳಿಗೆ ಆರಾಮಾಗಿದೆ ಅನಿಸುತ್ತದೆ, ಸೆಲೆಕ್ಷನ್ ಬೇರೆ ಬಂದಿರುತ್ತದೆ, ಕೋಚ್ ಫೋನ್ ಮಾಡುತ್ತಾರೆ. ಹೋಗಬೇಡಿ.

ಜಿಮ್ಮಿನ ಹುಡುಗ ಕೊಟ್ಟ ಪುಡಿ ತಿನ್ನಬೇಡಿ. ಸತ್ನಾಮ್ ತನಗೆ ಗೊತ್ತಿಲ್ಲದೆ ಆಗಿದ್ದು ಅಂದರು, ಆದರೂ ನಿಷೇಧ ತಪ್ಪಲಿಲ್ಲ. ನಿಮ್ಮ ದೇಹದಲ್ಲಿ ಏನು ಸಿಕ್ಕರೂ ಹೊಣೆ ನಿಮ್ಮದೇ, ನಿಯಮ ಇರುವುದೇ ಹಾಗೆ. ಕೆಮ್ಮು ನೆಗಡಿಗೆ ಮಾತ್ರೆ ತಗೊಳ್ಳುವಾಗಲೂ ನೀವು ಪರೀಕ್ಷೆಗೆ ಒಳಗಾಗುವ ಆಟಗಾರ ಅಂತ ಡಾಕ್ಟರಿಗೆ ಹೇಳಿ. ಮೊಟ್ಟೆ, ಕಾಳು, ಹಾಲು, ಕೋಳಿ, ರಾಗಿಮುದ್ದೆ, ರಾತ್ರಿ ಎಂಟು ಗಂಟೆ ನಿದ್ದೆ, ಹದಿನೆಂಟರ ಒಳಗಿನವರಿಗೆ ಅಷ್ಟು ಸಾಕು.

ಮೂವತ್ತೈದರ ಹೊತ್ತಿಗೆ ಆಟ ಹೇಗೂ ನಿಲ್ಲುತ್ತದೆ. ಕೋಚಿಂಗ್‌ಗೆ ಹೋಗುವ ಯೋಚನೆ ಇದ್ದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಮಾಡಿ, ಸರ್ಕಾರಿ ಕೋಚ್ ಹುದ್ದೆಗೆ ಕೇಳುವುದು ಅದನ್ನೇ. ನೌಕರಿಯಲ್ಲಿದ್ದರೆ ರಜೆ ಮಂಜೂರಾಗಲು ಸಮಯ ಹಿಡಿಯುತ್ತದೆ, ಆಡುತ್ತಿರುವಾಗಲೇ ಅರ್ಜಿ ಕೊಟ್ಟಿಡಿ. ರೆಫರಿ ಆಗುವವರು ಇನ್ನೂ ಬೇಗ ಶುರು ಮಾಡಬೇಕು. ರಾಜ್ಯ ಸಂಸ್ಥೆ ನಡೆಸುವ ಪರೀಕ್ಷೆ ಬರೆದು, ಮೊದಲು ಟೇಬಲ್ ಮೇಲೆ ಕೂತು ಸ್ಕೋರ್ ಬರೆಯುವುದರಿಂದ ಹಿಡಿದು ಶಾಲಾ ಪಂದ್ಯಗಳಲ್ಲಿ ಸೀಟಿ ಊದುವವರೆಗೆ ವರ್ಷಗಳೇ ಬೇಕು. ಈಗಲೂ ಒಳ್ಳೆಯ ರೆಫರಿಗಳಿಗೆ ಬರ ಇದೆ, ಮಹಿಳಾ ರೆಫರಿಗಳಿಗಂತೂ ಹೇಳೋದೇ ಬೇಡ.